ಮೋಟಾರಿನ ಬಾಲಕ್ಕೆ ಒರಳುಕಲ್ಲು

ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಮೋಟಾರಿಗೂ ಕುದುರೆಗಿರುವಂತೆ ಕುತ್ತಿಗೆಯಿದೆ, ಭಾರ ಬಿದ್ದರೆ ಅದಕ್ಕೂ ನೋಯುತ್ತದೆ ಎಂದು ನಂಬಿ, ಆ ನೋವು ಕಳೆಯಲು ಅದರ ಬಾಲಕ್ಕೆ ಒರಳುಕಲ್ಲು ಕಟ್ಟಿದ ಬುದ್ಧಿವಂತ ನಾನೇ. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಈ ಬಿರುದಿಗೆ ಇನ್ನೊಬ್ಬ ಹಕ್ಕುದಾರ ಇನ್ನೂ ಹುಟ್ಟಿಲ್ಲ. ಹುಟ್ಟಿದರೆ ಹಾರ ಹಾಕಿ ಬಿಟ್ಟುಕೊಡಲು ಸಿದ್ಧನಿದ್ದೇನೆ.

ಮರೆತು ಹಾಯಾಗಿರಬಹುದಿತ್ತು. ಆದರೆ ನಮ್ಮ ಜಗಲಿಯ ಮೇಲಿರುವ ಗುಂಡುಕಲ್ಲು ಬಿಡುವುದಿಲ್ಲ. ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ಯಾರೇ ಬರಲಿ, ಮೊದಲು ಅದನ್ನು ಎಡವುತ್ತಾರೆ, ಆಮೇಲೆ ಬಯ್ಯುತ್ತಾರೆ, ಆಮೇಲೆ ಕೇಳುತ್ತಾರೆ.

"ಗುಂಡುಕಲ್ಲೇನೋ ಇಲ್ಲಿ ಅದೆ. ಒರಳೆಲ್ಲಿ?"

ನಮ್ಮವ್ವ ಕಾದುಕೊಂಡು ಕೂತಿರುವವಳ ಹಾಗೆ ಒಳಗಿನಿಂದಲೇ ಕೂಗುತ್ತಾಳೆ. "ನಮ್ ನಂಜನ್ನ ಕೇಳ್ರವ್ವ. ಒರಳ ಹೇಮಾವತಿ ಹೊಳೇಗ್ ಬುಟ್ ಬಂದವ್ನೆ, ದೊಡ್ ಮನ್ಸ!"

ಹಾಗಾಗಿ ಅವಳು ಹೇಳುವುದಕ್ಕಿಂತ ಮೊದಲು ನಾನೇ ಹೇಳಿಬಿಡುವುದು ವಾಸಿ.

ನಾನು ಕೆಲಸ ಕಲಿತದ್ದು ಪಟ್ಟಣದ ಖಾದರ್ ಸಾಬರ ಜಟಕಾ ಅಂಗಡಿಯಲ್ಲಿ. ಮಿಡ್ಲ್ ಸ್ಕೂಲಿನಲ್ಲಿ ಒಂದೇ ಬೆಂಚನ್ನು ವರ್ಷದ ಮೇಲೆ ವರ್ಷ ಪ್ರೀತಿಯಿಂದ ಸವೆಸುತ್ತಿದ್ದ ನನ್ನನ್ನು ನೋಡಿ ನಮ್ಮಪ್ಪ, "ಬೆಂಚಿನ್ ಮ್ಯಾಲ್ ಕೂರೋದಂತೂ ಕಲ್ತಾಯ್ತು, ಇನ್ನು ಬೆಂಚ್ ಮಾಡೋದಾದ್ರೂ ಕಲೀಲಿ" ಎಂದು ಅಲ್ಲಿ ಬಿಟ್ಟುಬಂದಿದ್ದ. ಸಾಬರು ಬೆಂಚು ಮಾಡುತ್ತಿರಲಿಲ್ಲ, ಜಟಕಾ ಕಟ್ಟುತ್ತಿದ್ದರು. ಅವರು ಕಟ್ಟಿದ ಜಟಕಾ ಹಳ್ಳಕ್ಕೆ ಬಿದ್ದರೆ ಹಳ್ಳಕ್ಕೆ ಪೆಟ್ಟಾಗುತ್ತದೆಯೇ ಹೊರತು ಗಾಡಿಗಲ್ಲ ಎಂಬ ಮಾತು ಆಗ ಊರಲ್ಲಿತ್ತು.

ಜಟಕಾದ ಗುಟ್ಟೆಲ್ಲ ತೂಕದಲ್ಲಿದೆ. ಮುಂದೆ ಭಾರವಾದರೆ ಕುದುರೆ ಕಟ್ಟುವ ಮೂಕಿಮರ ಅದರ ಬೆನ್ನು ಮುರಿಯುತ್ತದೆ; ಹಿಂದೆ ಭಾರವಾದರೆ ಮೂಕಿ ಮೇಲೆದ್ದು ಕುದುರೆಯನ್ನು ಹೊಟ್ಟೆಪಟ್ಟಿಯ ಸಮೇತ ತೂಗುಹಾಕುತ್ತದೆ. ಅದಕ್ಕೇ ಜಟಕಾದವನ ಬಾಯಲ್ಲಿ ಕುದುರೆಗಿಂತ ಹೆಚ್ಚಾಗಿ ಪ್ರಯಾಣಿಕರಿಗೇ ಹುಕುಂ. "ದಪ್ಪಕ್ಕ, ಮುಂದಕ್ ಬನ್ನಿ. ಮೇಷ್ಟ್ರೇ, ವಸಿ ಹಿಂದಕ್ಕೆ." ಸ್ಕೂಲಿಗೆ ಹೋಗುವಾಗ ನಾವು ಪಡ್ಡೆಗಳು ಜಟಕಾದ ಹಿಂದಕ್ಕೆ ಬಾವಲಿಗಳ ಹಾಗೆ ಜೋತುಬೀಳುತ್ತಿದ್ದೆವು. ಮುಂದೆ ಮೂಕಿ ಆಕಾಶ ನೋಡುತ್ತಿತ್ತು, ಕುದುರೆ ಗಂಧರ್ವರ ಕುದುರೆಯ ಹಾಗೆ ಮುಂಗಾಲು ಎತ್ತುತ್ತಿತ್ತು, ಚಾವಟಿ ಹಿಂದಕ್ಕೆ ಹಾರಿ ಬಂದು ನಮ್ಮ ಕಿವಿಗೆ ಮುತ್ತಿಡುತ್ತಿತ್ತು. ತೂಕದ ಶಾಸ್ತ್ರದಲ್ಲಿ ನನಗೆ ಸಿಕ್ಕ ಮೊದಲ ಪಾಠ ಅದು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಹೊಸ ಜಟಕಾ ಮುಗಿದ ದಿನ ಸಾಬರು ನಮ್ಮನ್ನೆಲ್ಲ ಅದರಲ್ಲಿ ಕೂರಿಸಿ, ಮೂಕಿಯ ತುದಿಗೆ ಎರಡೇ ಬೆರಳು ಕೊಟ್ಟು ಎತ್ತುತ್ತಿದ್ದರು. ಎದ್ದರೆ ಗಾಡಿ ಪಾಸು. ಏಳದಿದ್ದರೆ ಮತ್ತೆ ಬಿಚ್ಚಿ ಕಟ್ಟಬೇಕು. ಈ ಎರಡು ಬೆರಳು ನೆನಪಿರಲಿ. ನನ್ನ ಕೇಡೆಲ್ಲ ಅಲ್ಲಿಂದಲೇ.

ಬಸ್ಸುಗಳು ಬಂದವು. ಜಟಕಾ ಕಟ್ಟಿಸುವವರು ಕಡಿಮೆಯಾದರು. ಅಂಗಡಿಗೆ ಬರುತ್ತಿದ್ದುದು ಬರೀ ಒಡೆದ ಚಕ್ರ, ಮುರಿದ ಮೆಟ್ಟಿಲು. ನಾಗಮಂಗಲದಲ್ಲಿ ಬಸ್ಸು ಓಡಿಸುವ ಗೌಡರೊಬ್ಬರಿದ್ದರು. ಅವರಿಗೆ ಹೊಸ ಬಸ್ಸುಗಳಿಗೆ ಮರದ ಬಾಡಿ ಕಟ್ಟಿಸಬೇಕಿತ್ತು. ಸಾಬರು ಹೋಗಿ ಕೇಳಿದ್ದಕ್ಕೆ, "ಜಟಕಾ ಕಟ್ಟೋ ಕೈಯಿ ಮೋಟಾರ್ ಕಟ್ಟೀತಾ ಸಾಬ್ರೇ? ಒಂದು ಕಟ್ಟಿ ನನ್ ಕಣ್ಗೆ ತೋರ್ಸಿ, ಆಮೇಲ್ ಮಾತು" ಎಂದಿದ್ದರಂತೆ. ಇದೊಂದು ಕೈಗೂಡದಿದ್ದರೆ ಉಳಿ-ಬಾಚಿಗಳನ್ನು ಗಂಟು ಕಟ್ಟಿಕೊಂಡು ಮೈಸೂರಿಗೆ ಹೋಗಿ ಭಾಮೈದನ ಅಂಗಡಿಯಲ್ಲಿ ಆಳಾಗಿ ನಿಲ್ಲಬೇಕು. ಸಾಬರು ಇದನ್ನು ನನಗೆ ಹೇಳಿದ್ದು ಬೀಡಿ ಸೇದುತ್ತಾ, ಇನ್ಯಾರದೋ ಮಾತು ಹೇಳುವವರ ಹಾಗೆ. ಆ ಬೀಡಿ ಆರಿಹೋಗಿ ಆಗಲೇ ಬಹಳ ಹೊತ್ತಾಗಿತ್ತು. ಅದು ಅವರಿಗೆ ಗೊತ್ತೇ ಇರಲಿಲ್ಲ.

ಆ ಹೊತ್ತಿಗೆ ದೇವರು ಕಳಿಸಿದ ಹಾಗೆ ಬಂದವರು ಅಮಲ್ದಾರ್ ರಾಯರು.

ರಾಯರು ಅಮಲ್ದಾರಿಕೆಯಿಂದ ನಿವೃತ್ತರಾಗಿದ್ದರು. ನಿತ್ಯ ಸಂಧ್ಯಾವಂದನೆ, ಈರುಳ್ಳಿ ಕೂಡ ಮುಟ್ಟದ ಮನೆ. ಆದರೆ ಚಾಕರಿಯಲ್ಲಿದ್ದಾಗ ಯಾವನೋ ಬಿಳಿಯ ದೊರೆ ಅವರಿಗೆ ಮೀನು ಹಿಡಿಯುವ ಹುಚ್ಚು ಹಿಡಿಸಿ ಸೀಮೆಗೆ ಹೊರಟುಹೋಗಿದ್ದ. ಅದೂ ಎರೆಹುಳು, ರಾಗಿಮುದ್ದೆ ಚುಚ್ಚಿ ಹಿಡಿಯುವುದಲ್ಲ. ಗಾಳಕ್ಕೆ ಕೋಳಿಯ ಗರಿ ಸುತ್ತಿ ನೊಣದ ಹಾಗೆ ಮಾಡಿ, ಉದ್ದನೆಯ ಕೋಲಿನಿಂದ ಬೀಸಿ, ನೀರಿನ ಮೇಲೆ ಕುಣಿಸುವುದು. ಮೀನು ಮೋಸಹೋಗಿ ಕಚ್ಚುತ್ತದೆ. ಆಮೇಲೆ ರಾಯರು ಅದನ್ನು ಬಿಡಿಸಿ, ವಾಪಸು ಹೊಳೆಗೆ ಬಿಡುತ್ತಾರೆ.

"ಬುಟ್ಬುಡ್ತಾರಾ?" ಎಂದರು ಸಾಬರು, ನನ್ನ ಕಿವಿಯಲ್ಲಿ. "ಇಡಿಯೋದ್ ಯಾಕೆ, ಬುಡೋದ್ ಯಾಕೆ?"

"ಅಮಲ್ದಾರ್ರಲ್ವಾ ಸಾಬ್ರೇ. ಇಡ್ದು, ಇಚಾರ್ಣೆ ಮಾಡಿ ಬುಡ್ತಾರೆ."

ರಾಯರು ಹಳೆಯ ಮೋಟಾರು ವ್ಯಾನೊಂದನ್ನು ಮೈಸೂರಿನ ಹರಾಜಿನಲ್ಲಿ ಹಿಡಿದಿದ್ದರು. ಮುಂದೆ ಇಂಜಿನ್ನು, ಹಿಂದೆ ಬೋಳು ಚೌಕಟ್ಟು. ಅದರ ಮೇಲೊಂದು ಮನೆ ಕಟ್ಟಿಕೊಡಬೇಕು. ಹೊಳೆದಂಡೆಯಲ್ಲಿ ಬಿಡಾರ ಮಾಡಬೇಕು, ಮಲಗಬೇಕು, ಕೋಲು ಮುರಿಯಬಾರದು, ಗರಿ ನೆನೆಯಬಾರದು. ಮೊದಲ ಸವಾರಿ ಹಿರೋಡೆಯ ಮೇಲೆ ಕೃಷ್ಣರಾಜಪೇಟೆ, ಕಿಕ್ಕೇರಿ ದಾಟಿ ಹೇಮಾವತಿಗೆ; ಹಿಂದಿರುಗುವಾಗ ನಾಗಮಂಗಲ. "ಅಲ್ಲಿ ಗೌಡರಿಗೆ ನಾನೇ ತೋರಿಸ್ತೀನಿ ಸಾಬ್ರೆ. ಚೆನ್ನಾಗಿದ್ರೆ ಚೆನ್ನಾಗಿದೆ ಅಂತೀನಿ. ಇಲ್ದಿದ್ರೆ ಇಲ್ಲ ಅಂತೀನಿ. ನನಗೆ ಸುಳ್ಳು ಬರೋಲ್ಲ" ಎಂದರು ರಾಯರು.

ಸುಳ್ಳು ಬಾರದವರಿಂದ ಶಿಫಾರಸು ಪಡೆಯುವುದು ಎಷ್ಟು ಕಷ್ಟ ಎಂಬುದು ಆಮೇಲೆ ತಿಳಿಯಿತು.

ಕೆಲಸ ಶುರುವಾಯಿತು. ಸಾಬರ ಕೈಗೆ ಜಟಕಾ ಬಿಟ್ಟರೆ ಬೇರೆ ಆಕಾರ ಬಾರದು. ಹಾಗಾಗಿ ಸೂರು ಕಮಾನಾಗಿಯೇ ಬಂತು, ಕಿಟಕಿಗೆ ಬಿದಿರ ಚಾಪೆಯೇ ಬಂತು. ದೂರದಿಂದ ನೋಡಿದರೆ ಜಟಕಾವೊಂದು ಮೋಟಾರನ್ನು ನುಂಗಿ ಅರಗಿಸಿಕೊಳ್ಳಲಾರದೆ ನಿಂತ ಹಾಗಿತ್ತು. ಮಲಗುವ ಹಲಗೆಯನ್ನು ಗೋಡೆಗೆ ಕೀಲಿಸಿ, ಹಗಲಲ್ಲಿ ಮೇಲಕ್ಕೆ ಮಡಚಿ ಕುದುರೆಯ ಜೀನಿನ ತೊಗಲುಪಟ್ಟಿಯಲ್ಲಿ ಬಿಗಿಯುವ ಹಾಗೆ ಮಾಡಿದರು. ಗಾಳದ ಕೋಲುಗಳಿಗೆ ಸೂರಿನ ಕೆಳಗೆ, ಮಡಿಬಟ್ಟೆ ಹರವುವ ಗಳುವಿನ ಹಾಗೆ ತೂಗು. ಗರಿನೊಣಗಳನ್ನು ಚುಚ್ಚಿಡಲು ಬೆಂಡು ಹಾಸಿದ ಡ್ರಾಯರು. ಅದರ ಪಕ್ಕದಲ್ಲಿ ನೊಣ ಕಟ್ಟಲು ಪುಟ್ಟ ಮೇಜು, ಗಾಳ ಕಚ್ಚಿ ಹಿಡಿಯಲು ಇಕ್ಕಳ.

ಗರಿ ತರುವ ಕೆಲಸ ನನ್ನದು. ಹುಂಜದ ಕುತ್ತಿಗೆಯ ಕೆಂಪು ಗರಿಯೇ ಆಗಬೇಕು ಎಂದಿದ್ದರು ರಾಯರು. ಅಂಥ ಹುಂಜ ಇದ್ದುದು ನಮ್ಮವ್ವನದೊಂದೇ. ಅವ್ವ ಪಾಲಹಳ್ಳಿಗೆ ಹೋಗಿದ್ದಾಗ ಅದನ್ನು ಹಿಡಿದು, ಕುತ್ತಿಗೆಯಿಂದ ಬೇಕಾದಷ್ಟು ಕಿತ್ತೆ. ಅವ್ವ ಬಂದು ನೋಡಿದರೆ ಹುಂಜ ಕ್ಷೌರ ಮಾಡಿಸಿಕೊಂಡ ಪಟೇಲನ ಹಾಗೆ ಅಂಗಳದಲ್ಲಿ ನಿಂತಿದೆ. ಮಾರನೆಯ ಬೆಳಿಗ್ಗೆಯಿಂದ ಅದು ಕೂಗುವುದನ್ನೇ ನಿಲ್ಲಿಸಿತು. ಬದಲಿಗೆ ಅವ್ವ ಕೂಗಲು ಶುರು ಮಾಡಿದಳು.

ಎಲ್ಲ ಮುಗಿಯಿತು ಎನ್ನುವಾಗ ರಾಯರ ಹೆಂಡತಿ ಅಂಗಡಿಗೆ ಬಂದರು. ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದೆವು. ವ್ಯಾನನ್ನು ಒಂದು ಸುತ್ತು ಬಂದು, ಗಾಳದ ಕೋಲು ನೋಡಿ ಮೂಗು ಮುಚ್ಚಿಕೊಂಡರು.

"ಇವರು ಅನ್ನಕ್ಕೆ ಏನು ಮಾಡ್ತಾರಂತೆ? ನಾನೂ ಬರ್ತೀನಿ. ಆದ್ರೆ ಆ ಗಾಳ, ಗರಿ ಇರೋ ಕಡೆ ನನ್ನ ಮಡಿ ನಡೆಯೋಲ್ಲ. ನನಗೆ ಬೇರೆ ಅಡುಗೆಮನೆ ಆಗ್ಬೇಕು. ನಡುವೆ ಗೋಡೆ ಬೇಕು. ಗೋಡೇಲಿ ಬಾಗಿಲು ಕೂಡದು. ನನ್ನ ಬಾಗಿಲು ಹಿಂದುಗಡೆ, ನನ್ನದೇ."

"ಆಗ್ಲಿ ಅಮ್ಮಾ" ಎಂದರು ಸಾಬರು.

"ತಾಮ್ರದ ಹಂಡೆ ಇರಬೇಕು. ಮತ್ತೆ ನನ್ನ ಒರಳು. ತೌರುಮನೆಯಿಂದ ನಮ್ಮಮ್ಮ ಗಾಡೀಲಿ ಹೇರಿ ಕಳಿಸಿದ್ದು. ಅದಿಲ್ದೆ ನಾನು ಚಟ್ನಿ ಅರೆದವಳೇ ಅಲ್ಲ."

ಮೋಟಾರಿಗೆ ಒರಳು ಎಂದಾಗ ರಾಯರು ಆಕಾಶ ನೋಡಿದರು. ಸಾಬರು ಮಾತ್ರ ನಗಲಿಲ್ಲ. ತೇಗದ ಹಲಗೆಗೆ ತೇಗದ ಹಲಗೆ ಕಚ್ಚಿಸಿ ನಡುಗೋಡೆ ನಿಲ್ಲಿಸಿದರು. ಒರಳನ್ನು ಆ ಗೋಡೆಯ ಬುಡದಲ್ಲಿ, ಹಿಂಚಕ್ರಗಳ ಅಚ್ಚಿನ ನೇರಕ್ಕೆ ಇರಿಸಿ, ಸುತ್ತ ಮರದ ಬಳೆ ಮಾಡಿ ಬೆಣೆ ಹೊಡೆದರು. "ನಂಜಾ, ತೂಕ ಯಾವತ್ತೂ ಅಚ್ಚಿನ್ ಮ್ಯಾಲೆ. ಇದ ಯಾರೂ ಮುಟ್ಬಾರ್ದು" ಎಂದು ಹೇಳಿ ಶುಕ್ರವಾರದ ನಮಾಜಿಗೆ ಹೋದರು.

ಯಾರೂ ಎಂದರೆ ಬೇರೆಯವರು ಎಂದುಕೊಂಡೆ.

ಅಂಗಡಿಯಲ್ಲಿ ನಾನು, ವ್ಯಾನು ಇಬ್ಬರೇ. ಹೊಸ ಗಾಡಿ ಮುಗಿದಿದೆ, ಎರಡು ಬೆರಳಿನ ಪರೀಕ್ಷೆ ಆಗಿಲ್ಲ. ಸಾಬರು ಮರೆತಿದ್ದಾರೆ, ಬಂದಾಗ ನಾನೇ ಮಾಡಿ ತೋರಿಸಿದರೆ ಎಷ್ಟು ಖುಷಿಪಡುತ್ತಾರೆ ಎಂದುಕೊಂಡು ಮುಂದೆ ಹೋಗಿ ಬಂಪರಿಗೆ ಎರಡು ಬೆರಳು ಕೊಟ್ಟು ಎತ್ತಿದೆ. ಬೆರಳು ಲಟಕ್ಕೆಂದಿತು. ಗಾಡಿ ಏಳಲಿಲ್ಲ. ಏಳುವುದು ಹೇಗೆ, ಅಷ್ಟು ದೊಡ್ಡ ಇಂಜಿನ್ನು ಮುಂದೆಯೇ ಕೂತಿದೆ! ಇಷ್ಟೊಂದು ಮುಂಭಾರ ಇಟ್ಟುಕೊಂಡು ಪಾಪ ಇದು ಏರು ಹತ್ತುವುದು ಹೇಗೆ ಎಂದು ನನಗೆ ನಿಜವಾಗಿ ಕರುಣೆ ಬಂತು. ಕಬ್ಬಿಣದ ಮೇಲೆ ಕರುಣೆ ಬಂದವನ ತಲೆಯಲ್ಲಿ ಏನಿರುತ್ತದೆ ಎಂದು ನೀವೇ ತಿಳಿದುಕೊಳ್ಳಿ.

ಬೆಣೆ ಬಿಚ್ಚಿದೆ. ಒರಳನ್ನು ಉರುಳಿಸಿ ಒಂದಿಷ್ಟು ಹಿಂದಕ್ಕೆ ಸರಿಸಿದೆ. ಬಂಪರು ಎತ್ತಿ ನೋಡಿದೆ. ಇಲ್ಲ. ಇನ್ನಷ್ಟು ಸರಿಸಿದೆ. ಹಂಡೆಯನ್ನೂ ಎಳೆದೆ, ಸಾಮಾನಿನ ಪೆಟ್ಟಿಗೆಯನ್ನೂ, ಸ್ಟೆಪ್ನಿ ಚಕ್ರವನ್ನೂ. ಕೊನೆಗೆ ಒರಳು ಹಿಂಬಾಗಿಲ ಹೊಸ್ತಿಲಿಗೇ ಬಂತು, ಹಿಂಚಕ್ರದಿಂದ ಮಾರು ದೂರ. ಆಗ ಎರಡು ಬೆರಳಿಗಲ್ಲದಿದ್ದರೂ ಎರಡು ಕೈಗೆ, ಒಂದು ಬೆನ್ನಿಗೆ, ಮೂರು ದೇವರ ಹೆಸರಿಗೆ ಗಾಡಿಯ ಮೂಗು ಮೆಲ್ಲಗೆ ಎದ್ದಿತು. ನಾನು ಅಂಗಡಿಯಲ್ಲೇ ಒಂದು ಸುತ್ತು ಕುಣಿದೆ. ಒರಳಿಗೆ ಹೊಸ ಬಳೆ ಮಾಡಿ ಬಲಗಡೆ ಒಂದೇ ಬೆಣೆ ಹೊಡೆದೆ. ಮೇಲೆ ಗೋಣಿಚೀಲ ಮುಚ್ಚಿದೆ. ಸಾಬರು ಬರುವಷ್ಟರಲ್ಲಿ ರಾಯರೂ ಬಂದರು, ನಿಂಬೆಹಣ್ಣೂ ಬಂತು, ಪೂಜೆ ನಡೆದು ಅವತ್ತೇ ಅಮ್ಮಾವ್ರು ತಮ್ಮ ಬಾಗಿಲು ಹಾಕಿಕೊಂಡು ಮಡಿ ಸಾರಿಬಿಟ್ಟರು. ಇನ್ನು ಒಳಗೆ ಹೋಗಿ ನೋಡುವ ಧೈರ್ಯ ಯಾವ ಗಂಡಸಿಗೂ ಇರಲಿಲ್ಲ.

ಹೊರಟೆವು. ರಾಯರೇ ಸ್ಟೇರಿಂಗು ಹಿಡಿದಿದ್ದರು, ಪಕ್ಕದಲ್ಲಿ ಸಾಬರು, ಮುಂದಿನ ಮೆಟ್ಟಿಲ ಮೇಲೆ ನಾನು.

"ಸಾಬ್ರೆ, ಸ್ಟೇರಿಂಗು ಬೆಣ್ಣೆ ಹಾಗಿದೆ!" ಎಂದರು ರಾಯರು, ಹಿರೋಡೆ ದಾಟುವಾಗ. ನಾನು ಮೆಟ್ಟಿಲ ಮೇಲೆ ಉಬ್ಬಿದೆ. ಕೃಷ್ಣರಾಜಪೇಟೆಯ ಹತ್ತಿರ ರಸ್ತೆಯ ಒಂದು ಉಬ್ಬಿಗೆ ಮುಂಚಕ್ರ ಎರಡೂ ನೆಲ ಬಿಟ್ಟು, ತುಸು ಯೋಚನೆ ಮಾಡಿ, ಮತ್ತೆ ನೆಲಕ್ಕೆ ಬಂದವು. ಉಬ್ಬಿದ್ದು ಇಳಿಯಿತು. ಕಿಕ್ಕೇರಿಯ ಬಳಿ ಎದುರಿಗೆ ಒಂದು ಹುಲ್ಲಿನ ಗಾಡಿ. ರಾಯರು ಎಡಕ್ಕೆ ತಿರುಗಿಸಿದರು. ಸ್ಟೇರಿಂಗು ತಿರುಗಿತು, ವ್ಯಾನು ನೇರಕ್ಕೆ ಹೋಯಿತು. ಎತ್ತುಗಳೇ ಬುದ್ಧಿ ಓಡಿಸಿ ಪಕ್ಕಕ್ಕೆ ಹೋದವು. ಮುಂದೆ ಭಾರವಿಲ್ಲದ್ದಕ್ಕೇ ಸ್ಟೇರಿಂಗು ಬೆಣ್ಣೆಯ ಹಾಗಿದೆ ಎಂದು ಆ ಕ್ಷಣ ನನಗೆ ತಿಳಿದುಹೋಯಿತು.

ಸಾಬರು ತಲೆ ಹೊರಗೆ ಹಾಕಿ ನನ್ನನ್ನೇ ನೋಡಿದರು. "ನಂಜಾ, ಒರಳು ಅಚ್ಚಿನ್ ಮ್ಯಾಲೇ ಅದೆ ತಾನೆ?"

ಹೇಳಬಹುದಿತ್ತು. ಅಲ್ಲೇ ನಿಲ್ಲಿಸಿ, ಬಯ್ಸಿಕೊಂಡು, ಎಲ್ಲ ಸರಿ ಮಾಡಬಹುದಿತ್ತು. ಆದರೆ ರಾಯರು ಪಕ್ಕದಲ್ಲಿದ್ದಾರೆ, ಅವರಿಗೆ ಸುಳ್ಳು ಬರುವುದಿಲ್ಲ, ನಾಗಮಂಗಲದಲ್ಲಿ ಗೌಡರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ.

"ಊಂ ಕಣ್ ಸಾಬ್ರೇ. ಇನ್ನೆಲ್ಲೋಯ್ತದೆ?" ಎಂದೆ. ನನಗೆ ಸುಳ್ಳು ಬರುತ್ತಿತ್ತು.

ಹೇಮಾವತಿಗೆ ಇಳಿಯುವ ಓಣಿ ಕಡಿದಾಗಿತ್ತು. ಇಳಿಯುವಾಗ ಇಳಿಜಾರು ತೂಕವನ್ನೆಲ್ಲ ಮುಂದಕ್ಕೆ ತಳ್ಳಿ ನನ್ನ ತಪ್ಪನ್ನು ಮುಚ್ಚಿಟ್ಟುಕೊಂಡಿತು. ನೀರಿನ ಅಂಚಿಗೆ, ಮೂಗು ಓಣಿಯ ಕಡೆಗೆ ತಿರುಗಿಸಿ ವ್ಯಾನು ನಿಲ್ಲಿಸಿ ಬಿಡಾರ ಮಾಡಿದೆವು. ಪಕ್ಕದಲ್ಲೇ ಕರ್ರಗೆ ಒಂದು ಮಡು. ಆನೆ ಇಳಿದರೆ ಸೊಂಡಿಲೂ ಕಾಣದು ಎನ್ನುತ್ತಾರೆ ಅಲ್ಲಿನವರು. ಹತ್ತುವುದು ಹೇಗೆ, ಅಮ್ಮಾವ್ರ ಕಣ್ಣು ತಪ್ಪಿಸಿ ಒರಳನ್ನು ಮುಂದಕ್ಕೆ ತರುವುದು ಹೇಗೆ ಎಂದು ಯೋಚಿಸುತ್ತಾ ನಾನು ಊಟ ಮಾಡಿದೆ. ಚಟ್ನಿ ಬಹಳ ಚೆನ್ನಾಗಿತ್ತು. ಅದನ್ನು ಅರೆದ ಒರಳು ಮಾತ್ರ ಹೊಸ್ತಿಲು ಬಿಟ್ಟು ಕದಲಿರಲಿಲ್ಲ.

ಬೆಳಿಗ್ಗೆ ರಾಯರು ಪಂಚೆ ಎತ್ತಿ ಕಟ್ಟಿ ಮೊಳಕಾಲುದ್ದ ನೀರಲ್ಲಿ ನಿಂತರು. ಕೋಲು ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ದಾರ ಗಾಳಿಯಲ್ಲಿ ಹಾವಿನ ಹಾಗೆ ಬಿಚ್ಚಿಕೊಂಡಿತು, ನಮ್ಮವ್ವನ ಹುಂಜದ ಗರಿ ಸದ್ದಿಲ್ಲದೆ ನೀರಿನ ಮೇಲೆ ಕೂತಿತು. ನೀರು ಒಡೆಯಿತು. ಕೋಲು ಬಿಲ್ಲಾಯಿತು. ರಾಯರು ಬಹಳ ಹೊತ್ತು ಬಿಟ್ಟು ಹಿಡಿದು, ಬಿಟ್ಟು ಹಿಡಿದು ಕೊನೆಗೆ ತೋಳುದ್ದದ ಬಿಳಿಮೀನೊಂದನ್ನು ಹತ್ತಿರ ತಂದರು. ಗಾಳ ಬಿಡಿಸಿ, ಮಗುವಿಗೆ ನೀರೆರೆಯುವವರ ಹಾಗೆ ಆಚೆ ಈಚೆ ಆಡಿಸಿ ಬಿಟ್ಟುಬಿಟ್ಟರು.

"ಯಾ ಅಲ್ಲಾ! ಬುಟ್ಬುಟ್ರಲ್ಲಪ್ಪಾ!" ಸಾಬರು ಎದೆ ಹಿಡಿದುಕೊಂಡರು. "ಮಸಾಲೆ ಅರ್ಯೋಕೆ ಒರಳು ಬ್ಯಾರೆ ಇತ್ತು!"

"ಖಾದರ್ ಸಾಬ್ರೆ! ನನ್ನ ಒರಳಿನ ಸುದ್ದಿ ಎತ್ತಿದ್ರೆ ನೋಡಿ!" ಎಂದು ವ್ಯಾನಿನೊಳಗಿಂದ ಅಮ್ಮಾವ್ರು.

ಎಲ್ಲರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ರಾಯರ ಮುಖ ಬದಲಾಗಿತ್ತು. ಅವರು ನೀರನ್ನೇ ನೋಡುತ್ತಿದ್ದರು. ತಿಳಿಯಾಗಿದ್ದ ಹೊಳೆಯ ಅಂಚಿನಲ್ಲಿ ಕೆಂಪು ಎಳೆ ಬಂದಿತ್ತು. ಅದರ ಹಿಂದೆ ನೊರೆ, ಎಲೆ, ಒಂದು ಮುರಿದ ಕೊಂಬೆ.

"ಮೇಲುಗಡೆ ಮಳೆಯಾಗಿದೆ. ಗಾಡಿ ತೆಗೀರಿ. ಈಗಲೇ ತೆಗೀರಿ."

ಅಮ್ಮಾವ್ರು ಒಲೆ ಆರಿಸಿ ಇಳಿಯುವಷ್ಟು ಹೊತ್ತೂ ಇರಲಿಲ್ಲ. ನಾನು ಹ್ಯಾಂಡ್ಲು ತಿರುಗಿಸಿದೆ. ಇಂಜಿನ್ನು ಕೆಮ್ಮಿ ಎದ್ದಿತು. ಏರಿಗೆ ಭಾರ ಕಡಿಮೆಯಾಗಲಿ ಎಂದು ಸಾಬರೂ ನಾನೂ ಇಳಿದೇ ನಡೆದೆವು. ಅದೇ ದೊಡ್ಡ ತಪ್ಪಾಯಿತು. ಇಂಜಿನ್ನು, ಸ್ಟೇರಿಂಗು ಹಿಡಿದ ರಾಯರು ಬಿಟ್ಟರೆ ಮುಂದೆ ಇದ್ದ ತೂಕವೆಂದರೆ ನಾವಿಬ್ಬರೇ. ಓಣಿಯ ಅರ್ಧಕ್ಕೆ ಬರುವಷ್ಟರಲ್ಲಿ ವ್ಯಾನಿನ ಮೂಗು ನಿಧಾನವಾಗಿ ಮೇಲೆದ್ದಿತು, ಜಟಕಾದ ಮೂಕಿಯ ಹಾಗೆಯೇ. ಮುಂಚಕ್ರಗಳು ಗಾಳಿಯಲ್ಲಿ ತಿರುಗುತ್ತಾ ನಿಂತವು. ಹಿಂಚಕ್ರ ಒದ್ದೆ ಮಣ್ಣನ್ನು ತೋಡಿತು. ಆಮೇಲೆ ವ್ಯಾನು ಹಿಂದಕ್ಕೆ ಜಾರಲು ಶುರುವಾಯಿತು.

ಓಣಿಯ ನೇರಕ್ಕೆ ಜಾರಲಿಲ್ಲ. ಓರೆಯಾಗಿ ಜಾರಿತು, ಮಡುವಿನ ಕಡೆಗೆ.

"ಕಲ್ ಕೊಡ್ಲಾ! ಚಕ್ರಕ್ಕೆ ಕಲ್ ಕೊಡು!" ಸಾಬರು ಕೂಗಿದರು. ನನ್ನ ಕೈಗೆ ಕಲ್ಲು ಸಿಗುವ ಮೊದಲೇ ಅವರೇ ಒಂದು ಬಂಡೆಯನ್ನು ಅಪ್ಪಿ ತಂದು ಹಿಂಚಕ್ರದ ಅಡಿಗೆ ತಳ್ಳಿ, ಅದಕ್ಕೆ ತಮ್ಮ ಎರಡೂ ಕಾಲು ಕೊಟ್ಟು ಕೂತರು. ವ್ಯಾನು ನಿಂತಿತು. ಬಂಡೆ 'ಕರ್' ಎಂದಿತು. ಮಣ್ಣು ಅದರ ಕೆಳಗೆ ಕರಗುತ್ತಿತ್ತು. ಬಾಲ ಆಗಲೇ ನೀರು ಮುಟ್ಟಿತ್ತು.

ನಾನು ಮುಂದಕ್ಕೆ ಓಡಿ ಬಂಪರಿಗೆ ಜೋತುಬಿದ್ದೆ. ಚಿಕ್ಕವನಿದ್ದಾಗ ಜಟಕಾದ ಹಿಂದೆ ಜೋತುಬೀಳುತ್ತಿದ್ದವನು ಈಗ ಮೋಟಾರಿನ ಮುಂದೆ. ಮೂಗು ತುಸು ಇಳಿಯಿತು. ಮತ್ತೆ ಎದ್ದಿತು, ನನ್ನನ್ನೂ ಸೇರಿಸಿಕೊಂಡು. ಒಣಗಲು ಹಾಕಿದ ಚಡ್ಡಿಯ ಹಾಗೆ ನೇತಾಡಿದೆ. ಒಳಗೆ ರಾಯರು ಬ್ರೇಕಿನ ಮೇಲೆ ಕಾಲಿಟ್ಟು ಕಲ್ಲಾಗಿದ್ದರು. ಎತ್ತಿದರೆ ಮುಗಿಯಿತು. ನಾನು ಬಿಡುವಂತಿಲ್ಲ, ಸಾಬರು ಏಳುವಂತಿಲ್ಲ. ಹಿಂದೆ ಅಮ್ಮಾವ್ರು.

ಒಳಗಿನಿಂದ ದಬ್ ದಬ್ ಎಂಬ ಸದ್ದು ಬರುತ್ತಿತ್ತು. ನೀರು ಅಡುಗೆಮನೆಯೊಳಗೆ ಬಂದಿತ್ತು. ಮುಂದಕ್ಕೆ ಬರಲು ಬಾಗಿಲಿಲ್ಲ. ಅವರು ಗುಂಡುಕಲ್ಲು ಎತ್ತಿಕೊಂಡು ನಡುಗೋಡೆಯನ್ನು ಬಡಿಯುತ್ತಿದ್ದರು. ಆ ಗೋಡೆ ಸಾಬರದ್ದು. ಒಂದು ಹಲಗೆಯೂ ಮಿಸುಕಲಿಲ್ಲ.

"ನಾನು ಹಿಂದಕ್ಕೆ ಹಾರ್ತೀನಿ!" ಅಮ್ಮಾವ್ರ ದನಿ.

"ಹಾರ್ಬ್ಯಾಡ್ರೀ ಅಮ್ಮಾ! ಗಾಡಿ ನಿಮ್ ಮ್ಯಾಲೇ ಬಂದ್ಬುಡ್ತದೆ!" ಸಾಬರ ಕಾಲು ಮಣ್ಣಲ್ಲಿ ಹೂಳುತ್ತಿತ್ತು. "ಯಾಕ್ ಇಂಗೆ ಮೂಗೆತ್ತದೆ? ಯಾಕೆ? ಅಚ್ಚಿನ್ ಮ್ಯಾಲೇ ಇಟ್ಟಿದ್ದೀನಲ್ಲಾ!"

ಅವರು ಕೇಳುತ್ತಿದ್ದುದು ನನ್ನನ್ನಲ್ಲ, ದೇವರನ್ನು. ದೇವರು ನನ್ನ ಕಡೆ ನೋಡಿದ.

"ಸಾಬ್ರೇ! ಒರಳು ಅಚ್ಚಿನ್ ಮ್ಯಾಲಿಲ್ಲ! ಬಾಗ್ಲಲ್ಲಿ ಅದೆ! ನಾನೇ ಸರ್ಸ್ದೆ!"

ಬಯ್ಗುಳ ಬರುತ್ತದೆ ಎಂದು ಕಣ್ಣು ಮುಚ್ಚಿದೆ. ಬರಲಿಲ್ಲ.

"ಎಂಗ್ ಬಿಗ್ದಿದ್ದೀಯ?" ಅಷ್ಟೇ ಕೇಳಿದರು.

"ಬಲಗಡೆ ಒಂದೇ ಬೆಣೆ! ಅದ ಬಡುದ್ರೆ ಬುಡ್ತದೆ!"

"ಅಮ್ಮಾ! ಗೋಡೆ ಬುಡಿ! ಗುಂಡ್ಕಲ್ಲು ತಗಂಡು ಒರಳಿನ ಬಲಗಡೆ ಬೆಣೆ ಬಡೀರಿ! ಒರಳ ಹೊಳೇಗ್ ತಳ್ಳಿ!"

ದಬ್ ದಬ್ ನಿಂತಿತು.

"ಹೊಳೆಗಾ? ನಮ್ಮಮ್ಮ ಕೊಟ್ಟಿದ್ದು ಸಾಬ್ರೆ!"

ಬಂಡೆ ಮತ್ತೊಮ್ಮೆ 'ಕರ್' ಎಂದು ಜಾರಿತು. ಸಾಬರು 'ಹಾ' ಎಂದರು. ವ್ಯಾನು ಒಂದು ಗೇಣು ಹಿಂದಕ್ಕೆ ಹೋಯಿತು. ಆಗ ರಾಯರು, ಹೆಂಡತಿಯನ್ನು ಎಂದೂ 'ಲೇ ಇವಳೇ' ಎನ್ನುವುದು ಬಿಟ್ಟು ಬೇರೆ ಕರೆಯದ ಅಮಲ್ದಾರ್ ರಾಯರು, ಗಂಟಲು ಹರಿಯುವ ಹಾಗೆ ಕೂಗಿದರು.

"ಜಾನಕೀ! ಬಿಟ್ಬಿಡೇ!"

ಒಳಗೆ ಒಂದು ಪೆಟ್ಟು. ಇನ್ನೊಂದು. ಆಮೇಲೆ ಏನೋ ಉರುಳಿದ ಸದ್ದು, ಹಿಂಬಾಗಿಲು ಒಡೆದುಕೊಂಡ ಸದ್ದು, ಮಡುವಿನಲ್ಲಿ 'ಧುಡುಂ' ಎಂದು ಅಷ್ಟೆತ್ತರ ನೀರು. ವ್ಯಾನಿನ ಮೂಗು ನನ್ನನ್ನು ಹೊತ್ತುಕೊಂಡೇ ನೆಲಕ್ಕೆ ಬಿತ್ತು. ನಾನು ಬಂಪರಿನಿಂದ ಕಳಚಿ ಪಕ್ಕದ ಲಂಟಾನದ ಪೊದೆಗೆ ಬಿದ್ದೆ. ಮುಂಚಕ್ರ ಮಣ್ಣು ಕಚ್ಚಿತು. ರಾಯರು ಬ್ರೇಕು ಬಿಟ್ಟು ಇಂಜಿನ್ನು ಒದರಿಸಿದರು. ವ್ಯಾನು ತಿಣುಕುತ್ತಾ ಮುಲುಗುತ್ತಾ ಓಣಿ ಹತ್ತಿತು. ಸಾಬರು ಕುಂಟುತ್ತಾ ಅದರ ಹಿಂದೆಯೇ ಹತ್ತಿದರು. ನಾವು ಮೇಲೆ ನಿಂತು ತಿರುಗಿ ನೋಡಿದಾಗ ನಮ್ಮ ಬಿಡಾರದ ಜಾಗದಲ್ಲಿ ಕೆಂಪು ನೀರು ಸುತ್ತುತ್ತಿತ್ತು.

ಅಮ್ಮಾವ್ರು ಹಿಂಬಾಗಿಲಿಂದ ಇಳಿದರು. ಸೊಂಟದವರೆಗೆ ನೆನೆದಿದ್ದರು. ಕೈಯಲ್ಲಿ ಗುಂಡುಕಲ್ಲು ಹಾಗೇ ಇತ್ತು. ಹೊಳೆಯನ್ನೊಮ್ಮೆ ನೋಡಿ, ಮತ್ತೆ ಒಳಗೆ ಹತ್ತಿ ಮುರಿದ ಬಾಗಿಲನ್ನೇ ಎಳೆದುಕೊಂಡರು.

ನಾಗಮಂಗಲದ ದಾರಿಯಲ್ಲಿ ಸಾಬರು ತಮ್ಮ ಕೈಚೀಲದಲ್ಲಿದ್ದ ಉಳಿಯನ್ನು ಹೊರಗೆ ತೆಗೆದು, ಅಂಗಿಯಲ್ಲಿ ಒರೆಸಿ, ಮತ್ತೆ ಒಳಗಿಟ್ಟರು. ಮೈಸೂರಿಗೆ ಗಂಟು ಕಟ್ಟಿದ ಹಾಗೆ ಕಂಡಿತು ನನಗೆ.

ಗೌಡರು ತಮ್ಮ ಬಸ್ಸಿನ ಕೊಟ್ಟಿಗೆಯ ಮುಂದೆ ಕಾದಿದ್ದರು. ವ್ಯಾನನ್ನು ಸುತ್ತಿ ನೋಡಿದರು, ಕೀಲು ಮುಟ್ಟಿದರು, ಮೆತ್ತಿದ್ದ ಕೆಸರು ನೋಡಿದರು, ಮುರಿದು ನೇತಾಡುತ್ತಿದ್ದ ಹಿಂಬಾಗಿಲು ನೋಡಿದರು.

"ಏನ್ ಸಾಮಿ, ಗಾಡಿ ಎಂಗದೆ?"

ರಾಯರು ಗಂಟಲು ಸರಿಮಾಡಿಕೊಂಡರು. "ನೋಡಿ ಗೌಡರೇ, ಇದ್ದದ್ದು ಹೇಳ್ತೀನಿ. ಏರಿನಲ್ಲಿ ಮೂಗೆತ್ತಿತು. ಹಿಂದಕ್ಕೆ ಜಾರಿತು. ಹೊಳೆಗೆ ಹೋಗ್ತಿತ್ತು."

ಗೌಡರು ಸಾಬರ ಕಡೆ ತಿರುಗಿದರು. "ಅದಕ್ಕೇ ಹೇಳಿದ್ದು ಸಾಬ್ರೇ. ಜಟಕಾ ಕೈಯಿ..."

ಸಾಬರು ನನ್ನ ಕಡೆ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. "ಊಂ. ತಪ್ಪು ನಮ್ ಅಂಗ್ಡೀದೇ" ಎಂದು ನೆಲ ನೋಡಿದರು. 'ತಪ್ಪು ನಂದು' ಎನ್ನಲು ನಾನು ಬಾಯಿ ತೆರೆದೆ. ಊರೆಲ್ಲ ಕೇಳುವ ಹಾಗೆ ಹರಟುವ ನನ್ನ ಗಂಟಲಿನಿಂದ ನಮ್ಮವ್ವನ ಬೋಳು ಹುಂಜಕ್ಕಾದಷ್ಟೂ ದನಿ ಬರಲಿಲ್ಲ.

ಆಗ ಹಿಂದಿನಿಂದ ಅಮ್ಮಾವ್ರು ಇಳಿದು ಬಂದರು, ಗುಂಡುಕಲ್ಲನ್ನು ಮಗುವಿನ ಹಾಗೆ ಸೊಂಟದ ಮೇಲಿಟ್ಟುಕೊಂಡು.

"ಇವರು ಹೇಳಿದ್ದು ನಿಜ. ಆದ್ರೆ ಇವರು ಮುಂದೆ ಕೂತಿದ್ರು. ಒಳಗಿದ್ದವಳು ನಾನು. ಮೂಗೆತ್ತಿದ್ದು ಸಾಬರ ಕೆಲಸದಿಂದಲ್ಲ. ಇಗೋ, ಈ ಹುಡುಗನ ಬುದ್ಧಿಯಿಂದ. ಒರಳು ಇಟ್ಟ ಜಾಗ ತಪ್ಪು. ಇನ್ನು ಸಾಬರ ಕೆಲಸ ಕೇಳ್ತೀರಾ? ನಾನು ಈ ಗುಂಡಿನಲ್ಲಿ ಆ ಗೋಡೆ ಬಡ್ದಿದೀನಿ. ಸುಮ್ನೆ ಅಲ್ಲ, ಸಾಯ್ತೀನಿ ಅಂತ ಬಡ್ದಿದೀನಿ. ಒಂದು ಹಲಗೆ ಮಿಸುಕಲಿಲ್ಲ. ಬಂದು ನೋಡಿ."

"ಒಳಕ್ ಬರ್ಬೋದಾ ಅಮ್ಮಾ? ಮಡಿ..."

"ಮಡಿ ಹೊಳೇಲಿ ಹೋಯ್ತು. ಬನ್ನಿ."

ಗೌಡರು ಗುಂಡುಕಲ್ಲು ಇಸಕೊಂಡು ಒಳಗೆ ಹತ್ತಿದರು. ತೇಗದ ಹಲಗೆಯ ಮೇಲೆ ಅಲ್ಲಲ್ಲಿ ಕಲ್ಲಿನ ಗುರುತು, ಬಿರುಕು ಎಲ್ಲಿಯೂ ಇಲ್ಲ. ಅವರೂ ಕೈಯೆತ್ತಿ ಒಂದು ಏಟು ಹಾಕಿ ನೋಡಿದರು.

"ಅಷ್ಟೇನಾ?" ಎಂದರು ಅಮ್ಮಾವ್ರು ಕೆಳಗಿನಿಂದ. "ನಾನು ಅದಕ್ಕಿಂತ ಜೋರಾಗಿ ಬಡ್ದೆ."

ಗೌಡರು ನಗಲು ಶುರು ಮಾಡಿದವರು ನಗುತ್ತಲೇ ಕೆಳಗಿಳಿದರು. "ಬಸ್ಸಿನ್ ಬಾಡಿ ಸುರು ಮಾಡ್ಕಳಿ ಸಾಬ್ರೇ. ಒರಳು ಮಾತ್ರ ಬ್ಯಾಡ ಕಣಪ್ಪ" ಎಂದು ಕೈ ಮುಗಿದರು. ಸಾಬರು ಕೊಟ್ಟಿಗೆಯ ಗೋಡೆಗೆ ಒರಗಿ ಕೂತರು. ಬೀಡಿ ಹಚ್ಚಿದರು. ಈ ಸಲ ಅದು ಆರಲಿಲ್ಲ.

ನಾನು ಅಮ್ಮಾವ್ರ ಕಾಲಿಗೆ ಬೀಳಲು ಹೋದೆ. ಅವರು ಹಿಂದೆ ಸರಿದು, ಗುಂಡುಕಲ್ಲನ್ನು ತಂದು ನನ್ನ ಎರಡು ಕೈಗೂ ಇಟ್ಟರು. ಅದರ ಭಾರಕ್ಕೆ ನನ್ನ ಮೊಣಕೈ ಕುಸಿಯಿತು.

"ಒರಳಿಲ್ದೆ ನನಗಿದು ಯಾತಕ್ಕೆ? ನೀನೇ ಇಟ್ಕೋ" ಎಂದರು ಅಮ್ಮಾವ್ರು. "ಬಸ್ಸು ಕಟ್ಟೋವಾಗ ಅದರ ಮೂಗೆತ್ತಿ ನೋಡ್ಬೇಕು ಅನ್ನಿಸ್ತದಲ್ಲ ನಿನಗೆ? ಆಗ ಮೊದಲು ಇದನ್ನ ಎತ್ತಿ ನೋಡು. ಎರಡೇ ಬೆರಳಲ್ಲಿ."